ನಮ್ಮ ಸ್ಟಾಪಿನ ಹೆಸರು

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಸ್ಟಾಪಿಗೆ ಮೊದಲಿಂದಲೂ ‘ಕೇರಿ ಗೇಟು’ ಎಂದೇ ಹೆಸರು. ನಮ್ಮವರನ್ನು ಊರಾಚೆ ಇಟ್ಟಿದ್ದ ಕಾಲದಲ್ಲಿ ಯಾರೋ ಇಟ್ಟದ್ದು. ಕಂಡಕ್ಟರು “ಕೇರಿ ಗೇಟ್ ಯಾರ್ರೀ ಇಳ್ಯೋರು?” ಎಂದು ಕೂಗಿದೊಡನೆ ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತವರ ಮುಖ ನೋಡುತ್ತಾರೆ. ಬಾಯಿಬಿಟ್ಟು ಏನೂ ಅನ್ನುವುದಿಲ್ಲ.

ನಾನು ಮದ್ದೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಇಷ್ಟು ವರ್ಷಗಳಲ್ಲಿ ಆ ನೋಟ ನನಗೆ ರೂಢಿಯಾಗಿಹೋಗಿತ್ತು. ಆದರೆ ಮಳವಳ್ಳಿಯ ಕಾಲೇಜಿಗೆ ಸೇರಿದ ಮಗಳು, ನಮ್ಮ ಸ್ಟಾಪಿನಲ್ಲಿ ಇಳಿಯದೆ ಮುಂದಿನ ಊರಿನಲ್ಲಿಳಿದು ಬಿಸಿಲಲ್ಲಿ ವಾಪಸು ನಡೆದು ಬರುತ್ತಿದ್ದಾಳೆ ಎಂದು ಗೊತ್ತಾದಾಗ ತಡೆದುಕೊಳ್ಳಲಾಗಲಿಲ್ಲ. ಮೇಷ್ಟರಾಗಿ ನಿವೃತ್ತರಾದ ಅಪ್ಪ ಅವತ್ತು ಸಂಜೆಯೇ ಹೆಸರು ಬದಲಿಸೋಣವೆಂದು ಕಾಲೋನಿಯವರನ್ನೆಲ್ಲ ಸೇರಿಸಿದರು. ಒಂದಷ್ಟು ಹೊತ್ತು ಕಿತ್ತಾಡಿ, ಕೊನೆಗೆ ‘ಬುದ್ಧನಗರ’ ಎಂದು ಒಪ್ಪಿಕೊಂಡೆವು. ರಸ್ತೆ ಬದಿಗೆ ನೀಲಿ ಬೋರ್ಡೂ ಬಂತು.

ಮಾರನೆಯ ದಿನ ಬಸ್ಸಿನಲ್ಲಿ ಹೆಮ್ಮೆಯಿಂದ “ಬುದ್ಧನಗರ” ಎಂದೆ.

“ಎಲ್ಲದೆ ಅದು?” ಕಂಡಕ್ಟರು ಕೇಳಿದರು.

“ದಿನಾ ನನ್ನ ಇಳಿಸ್ತೀರಲ್ಲ, ಅಲ್ಲೇ.”

“ಓ, ಕೇರಿ ಗೇಟಾ? ಅಂಗನ್ನಿ ಮತ್ತೆ.”

“ಹಂಗನ್ನಲ್ಲ. ಹೆಸರು ಬದಲಾಗಿದೆ.”

“ಟಿಕೆಟ್ ಮಿಸನ್ನಲ್ಲಿ ಬದಲಾಗಿಲ್ವಲ್ಲಮ್ಮ. ಹೆಂಗಸ್ರ ಫ್ರೀ ಟಿಕೆಟ್‌ಗೆ ಯಾವ ಎಸರಾದ್ರೇನು, ಬುಡಿ!”

ಆ ಮಾತು ನನ್ನನ್ನು ಚುಚ್ಚಿತು. ರಜಾ ಹಾಕಿ ಮಂಡ್ಯದ ಸಾರಿಗೆ ಕಚೇರಿಗೆ ಅಲೆದೆ. ಸಾಹೇಬರಿಲ್ಲ, ಊಟಕ್ಕೆ ಹೋಗಿದ್ದಾರೆ, ಪಂಚಾಯಿತಿಯಿಂದ ಬರೆಸಿಕೊಂಡು ಬನ್ನಿ. ಮನೆಯಲ್ಲಿ ಗಂಡ “ನಿಂಗೆ ಬೇರೆ ಕೆಲ್ಸ ಇಲ್ವಾ?” ಎಂದು ಗೊಣಗಿದರು. ಅಂತೂ ಕಚೇರಿಯವರು ತಿಂಗಳುಗಟ್ಟಲೆ ಸತಾಯಿಸಿದ ಮೇಲೆ ಟಿಕೆಟ್ಟಿನ ಮೇಲೆ ಬುದ್ಧನಗರ ಎಂದು ಮೂಡಿತು.

ಕಂಡಕ್ಟರ ಬಾಯಿ ಮಾತ್ರ ಬದಲಾಗಲಿಲ್ಲ. ಒಂದು ಸಂಜೆ ಅವರು ಎಂದಿನಂತೆ “ಕೇರಿ ಗೇಟ್!” ಎಂದು ಕೂಗಿದರು. ನಾನು ಏಳಲಿಲ್ಲ. ಬಸ್ಸು ನಿಂತೇ ಇತ್ತು.

“ಇಳೀರಮ್ಮ!”

“ನನ್ನ ಸ್ಟಾಪ್ ಹೆಸರು ನೀವಿನ್ನೂ ಕೂಗೇ ಇಲ್ಲ” ಎಂದು ಟಿಕೆಟ್ಟು ತೋರಿಸಿದೆ.

ಡ್ರೈವರು ಹಾರನ್ ಒತ್ತಿದರು. ಹಿಂದಿನಿಂದ ಒಬ್ಬರು, “ಒಂದ್ ಎಸರಿಗೆ ಇಷ್ಟೊಂದ್ ರಾಮಾಯ್ಣನಾ? ಓಗ್ರಮ್ಮ, ದನ ಕಟ್ಟೋ ಒತ್ತಾಯ್ತು” ಎಂದು ರೇಗಿದರು. ನಾನು ಕೂತೇ ಇದ್ದೆ. ಕೊನೆಗೆ ಕಂಡಕ್ಟರು ಹಲ್ಲು ಕಚ್ಚಿಕೊಂಡು “ಬುದ್ನಗ್ರ!” ಎಂದರು. ಇಳಿದೆ.

ಗೆದ್ದೆ ಅಂದುಕೊಂಡೆ. ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು. ಆಮೇಲೊಂದು ದಿನ ಅದೇ ಕಂಡಕ್ಟರು ಹುರುಪಿನಿಂದ “ಬಿ.ಎನ್. ಗೇಟ್ ಯಾರ್ರೀ?” ಎಂದು ಕೂಗಿದರು. ಇದ್ಯಾವುದಪ್ಪ ಹೊಸದು ಎಂದು ನೋಡಿದರೆ, ನಮ್ಮ ಕಾಲೋನಿಯ ಹುಡುಗಿಯರೇ ದಡಬಡನೆ ಎದ್ದು ಬಾಗಿಲಿಗೆ ನಡೆದರು!

ಮನೆಗೆ ಬಂದವಳೇ ಮಗಳನ್ನು ಕೇಳಿದೆ. “ನಾನೇ ಶುರು ಮಾಡಿದ್ದು. ಸ್ಟೈಲಾಗಿಲ್ವಾ ಅಮ್ಮ? ಕಾಲೇಜಲ್ಲಿ ಎಲ್ಲಾ ಹಂಗೇ ಅಂತಾರೆ” ಎಂದಳು. ಮೈಯೆಲ್ಲ ಉರಿದುಹೋಯಿತು. ಯಾರಿಗಾಗಿ ಮಂಡ್ಯದ ಮೆಟ್ಟಿಲು ಸವೆಸಿದ್ದೆನೋ ಅವಳೇ ಹೆಸರನ್ನು ಎರಡು ಇಂಗ್ಲಿಷ್ ಅಕ್ಷರ ಮಾಡಿ ಕೂತಿದ್ದಳು. ಅಪ್ಪನಿಗೆ ದೂರು ಹೇಳಿದೆ. ಅವರು ನಕ್ಕರು.

“ಈಗ ನಮ್ ಸ್ಟಾಪಲ್ಲೇ ಇಳೀತಾಳೆ ತಾನೆ?”

“ಇಳೀತಾಳೆ.”

“ಮತ್ತಿನ್ನೇನು, ಬುಡು.”

ನನ್ನಿಂದ ಬಿಡಲಾಗಲಿಲ್ಲ. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ನನ್ನ ಜೊತೆ ಬಸ್ಸಿಳಿದಳು. “ಅಕ್ಕಾ, ಬಿ.ಎನ್. ಅಂದ್ರೆ ಏನು?” ಎಂದಳು. ಬೋರ್ಡು ತೋರಿಸಿ ಹೇಳಿದೆ. ಅವಳು ನಿಧಾನಕ್ಕೆ ಓದಿ, “ಎಷ್ಟ್ ಚೆಂದಾಗದೆ! ಯಾಕ್ ಮೊಟಕು ಮಾಡ್ಬುಟ್ರಿ?” ಎಂದು ನನ್ನನ್ನೇ ಕೇಳಿದಳು. ಮೊಟಕು ಮಾಡಿದವಳು ನನ್ನ ಮಗಳು ಎನ್ನಲು ಬಾಯಿ ಬರಲಿಲ್ಲ. “ನೀನು ಮಾತ್ರ ಪೂರ್ತಿ ಹೆಸರೇ ಹೇಳು” ಎಂದು ಮನೆ ಕಡೆ ಹೆಜ್ಜೆ ಹಾಕಿದೆ.