ಎರಡನೇ ಕಂಬದ ವರದಿ

ರೈಲು ಸೇತುವೆ ತಪಾಸಣೆಯೆಂದರೆ ನಮ್ಮ ಕಚೇರಿಯಲ್ಲಿ ಇಬ್ಬರ ಕೆಲಸ. ಮಿಸ್ತ್ರಿ ಮೇಲೆ ಹತ್ತಿ ನೋಡುತ್ತಿದ್ದ, ಕಾರಕೂನನಾದ ನಾನು ಕೆಳಗೆ ನಿಂತು ಬರೆಯುತ್ತಿದ್ದೆ. ಆತ ಬೆಟಗೇರಿಯ ನೇಕಾರರ ಮನೆಯವನು. ಸಹಿಗಿಂತ ಹೆಚ್ಚು ಅಕ್ಷರ ಬಾರದು. ನಾನು ಲಕ್ಷ್ಮೇಶ್ವರದ ಕನ್ನಡ ಮಾಸ್ತರರ ಮಗ. ಸುತ್ತಿಗೆಯಿಂದ ರಿವೆಟ್ ಮೊಳೆ ತಟ್ಟಿ, ಸದ್ದಿನಲ್ಲೇ ಸಡಿಲಾದದ್ದನ್ನು ಹೇಳುವ ಆತನ ಕಿವಿಯ ಮುಂದೆ ನನ್ನ ವಿದ್ಯೆ ಮೂರು ಕಾಸಿನದು. ಆದರೂ ಸಾಹೇಬರು ನಂಬುತ್ತಿದ್ದುದು ಕಾಗದವನ್ನೇ.

ಎಪ್ಪತ್ತರ ದಶಕದ ಕೊನೆಗೆ, ಮಳೆಗಾಲಕ್ಕೆ ಮುಂಚೆ, ಗದಗಿನಾಚೆ ಹಳ್ಳದ ಮೇಲಿನ ಹಳೆಯ ಸೇತುವೆಗೆ ಹೋದೆವು. ನಾನು ಜಾಲಿಯ ನೆರಳು ಹಿಡಿದೆ. ಮಿಸ್ತ್ರಿ ಮೇಲಿನಿಂದ ಕೂಗಿದ:

"ಒಂದನೇ ಕಂಬ ಛಲೋ ಐತ್ರಿ. ಎರಡನೇದರ ಮ್ಯಾಲ ಗರ್ಡರ್ ನಡೀತೈತ್ರಿ, ಬರಕೋರಿ."

ನಮ್ಮ ಕಡೆ ಸಾರು ಹೇಗಿದೆ ಎಂದರೂ ನಡೀತೈತಿ, ಅಳಿಯ ಹೇಗಿದ್ದಾನೆ ಎಂದರೂ ನಡೀತೈತಿ. ತೀರಾ ಛಲೋ ಅಲ್ಲ, ಅಡ್ಡಿಯಿಲ್ಲ ಎಂದರ್ಥ. ನಾನು ‘ತೃಪ್ತಿಕರ’ ಎಂದು ಬರೆದೆ. ಆತ ಹೇಳಿದ್ದೇ ಬೇರೆ: ಸೇತುವೆಯ ಉಕ್ಕಿನ ತೊಲೆಯಾದ ಗರ್ಡರ್ ತಾನು ಕೂತ ಕಂಬದ ಕಲ್ಲಿನ ಮೇಲಿಂದ ಸರಿಯುತ್ತಿದೆ, ನಿಜವಾಗಿಯೇ ನಡೆಯುತ್ತಿದೆ. ಕೆಳಗಿಳಿದು ಬಂದ ಮಿಸ್ತ್ರಿ, ನಾನು ಬೆರಳಿಟ್ಟ ಕಡೆ ಸಹಿ ಮಾಡಿದ.

ಮಳೆಗಾಲದಲ್ಲಿ ಆ ಕಲ್ಲು ಸೀಳಿತು. ಹಳಿ ಕಾಯುವ ಗ್ಯಾಂಗಿನವರು ನೋಡಿ, ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸಿದ್ದರಿಂದ ಯಾರೂ ಸಾಯಲಿಲ್ಲ. ವಿಚಾರಣೆಗೆ ಪರವೂರಿನ ಅಧಿಕಾರಿ ಬಂದರು. ಮಿಸ್ತ್ರಿ ಏನು ಹೇಳಿದನೆಂದು ನನ್ನನ್ನು ಕೇಳಿದರು. "ನಡೆಯುತ್ತದೆ ಅಂದ," ಎಂದೆ. ಸುಳ್ಳೇನಲ್ಲವಲ್ಲ.

"ಹೌದ್ರಿ, ಹಂಗ ಅಂದೇನಿ. ಆದ್ರ..." ಎಂದ ಮಿಸ್ತ್ರಿ. ಅಧಿಕಾರಿಗೆ ಅಷ್ಟೇ ಸಾಕಾಗಿತ್ತು.

ಸುತ್ತಿಗೆ ಕಸಿದುಕೊಂಡು ಆತನನ್ನು ಹಳಿಗೆ ಜಲ್ಲಿ ತುಂಬುವ ಗ್ಯಾಂಗಿಗೆ ಹಾಕಿದರು, ಇಪ್ಪತ್ತು ವರ್ಷ ಮಿಸ್ತ್ರಿ ಎನಿಸಿಕೊಂಡವನನ್ನು. ನನಗೆ ಒಂದು ತಾಕೀತೂ ಬರಲಿಲ್ಲ.

"ರಾಯರ, ತಿಳೀಲಿಲ್ಲಂದ್ರ ನನ್ನ ಒಂದು ಮಾತು ಕೇಳಬೇಕಿತ್ರಿ," ಎಂದ, ಹೊರಡುವ ದಿನ. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬರೆಯುವಾಗಲೇ ಅನುಮಾನ ಬಂದಿತ್ತು. ಅಡ್ಡಿಯಿಲ್ಲ ಎನ್ನುವುದನ್ನು ಯಾರೂ ಬರಕೋರಿ ಎಂದು ಕೂಗಿ ಹೇಳುವುದಿಲ್ಲ. ಆದರೆ ಕೇಳಿದ್ದರೆ ಆತ ನನ್ನನ್ನೂ ಮೇಲೆ ಹತ್ತಿಸಿ ತೋರಿಸುತ್ತಿದ್ದ. ಎತ್ತರವೆಂದರೆ ನನಗೆ ಭಯ. ಅದನ್ನು ಒಬ್ಬ ನೇಕಾರನ ಮುಂದೆ ಒಪ್ಪಿಕೊಳ್ಳಲು ಮಾಸ್ತರರ ಮಗನಿಗೆ ನಾಚಿಕೆಯಾಗಿತ್ತು.