ನಾನು ಕೂಗದೆ ಬಿಟ್ಟ ಹೆಸರು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ನಿವೃತ್ತಿಯಾಗಲಿ ಎಂದೆ, ಮಗಳ ಮದುವೆ ಮುಗಿಯಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ. ಎಲ್ಲ ಆಯಿತು. ಇನ್ನು ನೆಪ ಉಳಿದಿಲ್ಲ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. 'ಮುದುಕನಿಗೆ ಭ್ರಮೆ' ಎನ್ನುವವರು ಇಲ್ಲಿಗೇ ನಿಲ್ಲಿಸಿ. ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಭ್ರಮೆಯಾಗಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ನನ್ನೂರು ಸಂಪಗಾಂವ. ಹೈಸ್ಕೂಲು ಮುಗಿಸಿ ರೈಲಿನ ಕೆಲಸಕ್ಕೆ ಸೇರಿದವನು. ನನ್ನ ಕೊನೆಯ ವರ್ಷಗಳಲ್ಲಿ ಡೀಸೆಲ್ ಹೋಗಿ ಕರೆಂಟಿನ ಎಂಜಿನ್ನುಗಳು ಬಂದವು. ಅವುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿದ್ದೆ. ಯಾವ ಊರಿನ ಶೆಡ್ಡು ಎಂದು ಹೇಳುವುದಿಲ್ಲ.

ಎಂಜಿನ್ನಿನ ಮೇಲೆ ಹಾದುಹೋಗುವ ತಂತಿಯಲ್ಲಿ ಇಪ್ಪತ್ತೈದು ಸಾವಿರ ವೋಲ್ಟ್. ಮುಟ್ಟಬೇಕಿಲ್ಲ, ಹತ್ತಿರ ಹೋದರೆ ಸಾಕು, ಹಾರಿ ಹಿಡಿಯುತ್ತದೆ. ಅದಕ್ಕೇ ಎಂಜಿನ್ನಿನ ಛಾವಣಿ ಹತ್ತುವ ಮೊದಲು ಕೆಳಗಿನ ಹ್ಯಾಂಡಲ್ ಇಳಿಸಿ ಲೈನ್ ಬಂದ್ ಮಾಡುತ್ತೇವೆ. ಮತ್ತೆ ಲೈನ್ ಕೊಡುವಾಗ ನಮ್ಮಲ್ಲಿ ಒಂದು ರೂಢಿ. ಹ್ಯಾಂಡಲ್ ಹಿಡಿದವನು ಮೇಲೆ ಹತ್ತಿದ್ದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಬೇಕು. ಅವರು ನೆಲದ ಮೇಲೆ ನಿಂತು "ಇಳದೇನ್ರೀ…" ಎಂದು ಓಗೊಡಬೇಕು. ಎಲ್ಲರ ದನಿ ಬರುವವರೆಗೆ ಹ್ಯಾಂಡಲ್ ಎತ್ತುವಂತಿಲ್ಲ.

ಆ ಹ್ಯಾಂಡಲ್ ನನ್ನ ಕೈಯಲ್ಲಿತ್ತು.

ಶೆಡ್ಡಿನಲ್ಲಿ ನನ್ನ ಜೊತೆ ಒಬ್ಬ ಹುಡುಗನಿದ್ದ, ನಮ್ಮೂರ ಕಡೆಯ ಚಚಡಿ ಹಳ್ಳಿಯವನು. ಅವನ ಹೆಸರು ಬರೆಯಲು ಈಗ ಕೈ ಏಳುತ್ತಿಲ್ಲ. ನಮ್ಮ ಕಡೆಯ ಹುಡುಗನೆಂದು ನನಗೆ ಪ್ರೀತಿ. ರಜೆ ಮುಗಿಸಿ ಬಂದರೆ ಮೊದಲ ರೊಟ್ಟಿ, ಶೇಂಗಾ ಚಟ್ನಿ ನನ್ನ ಡಬ್ಬಿಗೇ. ಬಾಯಿ ಮಾತ್ರ ಜೋರು.

ಒಂದು ದಿನ ಚಹಾದ ಹೊತ್ತಿನಲ್ಲಿ, ನಾನು ಕನ್ನಡಕ ಹಾಕದೆ ಬೋಲ್ಟು ಅದಲು ಬದಲು ಮಾಡಿದ್ದನ್ನು ಎಲ್ಲರೆದುರು ಎತ್ತಿದ.

"ಕಾಕಾ, ಕಿಸೇದಾಗಿನ ಚಾಳೀಸ ಮೂಗಿನ ಮ್ಯಾಲೆ ಇಡ್ರಿ. ಇಲ್ಲಂದ್ರ ನಾಳೆ ಎಂಜಿನ್ ಬಿಟ್ಟು ಸಂಡಾಸಕ್ಕ ಲೈನ್ ಕೊಟ್ಟೀರಿ!"

ಇಡೀ ಶೆಡ್ಡು ನಕ್ಕಿತು. ಚಹಾದ ಗ್ಲಾಸನ್ನು ನೆಲಕ್ಕೆ ಅಪ್ಪಳಿಸಿದೆ.

"ಇನ್ನ ಮ್ಯಾಲೆ ನಿನ್ನ ಹೆಸರ ನನ್ನ ಬಾಯಾಗ ಬಂದ್ರ ಮೀಸಿ ಬೋಳಿಸಿಕೊಂತೇನಿ, ತಿಳೀತಿಲ್ಲ?"

"ಅಷ್ಟ್ಯಾಕ ಸಿಟ್ಟರಿ ಕಾಕಾ… ಚ್ಯಾಷ್ಟಿ ಮಾಡಿದ್ನಿ."

ನಾನು ತಿರುಗಿ ನೋಡಲಿಲ್ಲ.

ಅದೇ ವಾರ, ಸಂಜೆ, ಮೂವರು ಮೇಲೆ ಹತ್ತಿದ್ದರು. ಅವರಲ್ಲಿ ಅವನೂ ಒಬ್ಬ. ಕೆಲಸ ಮುಗಿಯಿತು ಎಂದರು. ಎರಡು ಹೆಸರು ಕೂಗಿದೆ, ಎರಡು ದನಿ ಬಂದವು. ಮೂರನೆಯ ಹೆಸರು ನಾಲಿಗೆಯ ತುದಿಯವರೆಗೆ ಬಂತು. ನುಂಗಿದೆ. ಅವನೂ ಇಳಿದಿರುತ್ತಾನೆ ಎಂದುಕೊಂಡೆ… ಇಲ್ಲ, ಇದೂ ಸುಳ್ಳು. ನಾನು ಏನನ್ನೂ ಅಂದುಕೊಳ್ಳಲಿಲ್ಲ. ಸಿಟ್ಟಿತ್ತು, ಅಷ್ಟೇ. ಹ್ಯಾಂಡಲ್ ಎತ್ತಿದೆ.

ಆ ಸದ್ದು… ಆ ವಾಸನೆ… ಬರೆಯಲಾರೆ.

ವಿಚಾರಣೆಯಲ್ಲಿ, "ಕೂಗಿದೆ, ಓಗೊಟ್ಟ, ಆಮೇಲೆ ಹೇಳದೆ ಮತ್ತೆ ಹತ್ತಿದ" ಎಂದೆ. ಕಂಪ್ರೆಸರ್ ಗದ್ದಲದಲ್ಲಿ ತಮ್ಮ ಹೆಸರು ಬಿಟ್ಟು ಬೇರೇನೂ ಕೇಳಲಿಲ್ಲ ಎಂದರು ಉಳಿದಿಬ್ಬರು. ತಪ್ಪು ಸತ್ತವನದೇ ಎಂದಾಯಿತು. ಅವನ ಅಪ್ಪ ಚಚಡಿಯಿಂದ ಬಂದಿದ್ದರು. ನನ್ನ ಕೈ ಹಿಡಿದು ಕೇಳಿದರು.

"ಸಾಹೇಬ್ರ, ನೀವು ಒದರಿದಾಗ ನನ್ನ ಮಗಾ ಓ ಅಂದಿದ್ನೇನ್ರಿ?"

"ಹೂನ್ರಿ… ಅಂದಿದ್ದ."

"ಹಂಗಾರ ತಪ್ಪ ಅವಂದ ಬಿಡ್ರಿ. ನೀವೇನ ಮಾಡತೀರಿ."

ನನಗೇ ಕೈ ಮುಗಿದು ಹೋದರು. ಆ ಮುಗಿದ ಕೈ ನೆನಪಾದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಂಡಿದ್ದೇನೆ.

ಮರುವರ್ಷ ಚಳಿಗಾಲ. ರಾತ್ರಿ ಪಾಳಿ. ಅದೇ ಲೈನು. ಕಂಪ್ರೆಸರ್ ಬಂದ್ ಆಗಿತ್ತು. ಶೆಡ್ಡು ಗಪ್ಪಗಿತ್ತು. ಮೇಲೆ ಹತ್ತಿದ್ದವರು ಶಂಕ್ರೆಪ್ಪ, ಮೌಲಾ, ಇಬ್ಬರೇ.

"ಶಂಕ್ರೆಪ್ಪಾ!"

"ಇಳದೇನ್ರೀ…"

"ಮೌಲಾ!"

"ಇಳದೇನ್ರೀ…"

ಇಬ್ಬರೂ ನನ್ನ ಕಣ್ಣೆದುರಿಗೇ ನಿಂತಿದ್ದರು. ಹ್ಯಾಂಡಲ್ಲಿಗೆ ಕೈ ಹಾಕಿದೆ.

ಆಗ… ಎಂಜಿನ್ನಿನ ಛಾವಣಿಯ ಮೇಲೆ ಬೂಟಿನ ಸದ್ದು.

ಧಡ್… ಧಡ್… ಅವಸರವಿಲ್ಲದ ನಡಿಗೆ. ಆ ತುದಿಯಿಂದ ಈ ತುದಿಗೆ ಬಂತು. ಸರಿಯಾಗಿ ನನ್ನ ತಲೆಯ ಮೇಲೆ ನಿಂತಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು.

"ಯಾ ಅಲ್ಲಾ… ಮ್ಯಾಲೆ ಯಾರ ಅದಾರ್ರೀ?" ಮೌಲಾ ಗೋಡೆಗೆ ಆತುಕೊಂಡ.

"ನಾವಿಬ್ರ ಅಲ್ಲೇನೋ ಹತ್ತಿದ್ದು?" ಶಂಕ್ರೆಪ್ಪ ಪಿಸುಗುಟ್ಟಿದ. "ಕಾಕಾ, ಇನ್ನೊಬ್ರು ಇದ್ರ ಹೆಸರ ಒದರ್ರಿ… ಲಗೂನ ಒದರ್ರಿ!"

ಯಾವ ಹೆಸರೆಂದು ನನಗೆ ಗೊತ್ತಿತ್ತು. ಕೂಗಿದ ಮೇಲೆ ಅಲ್ಲಿಂದ ಓಗೊಟ್ಟರೆ?… ಹೆದರಿಕೆ ಮುಚ್ಚಿಕೊಳ್ಳಲು ಅವರ ಮೇಲೇ ಹಾರಿಬಿದ್ದೆ.

"ಹುಡುಗಾಟ ಹಚ್ಚೀರೇನ್ರಲೇ ನನ್ನ ಕೂಡ? ಹತ್ತಿ ನೋಡ್ರಿ!"

ಲೈನ್ ಬಂದ್ ಇತ್ತು. ಇಬ್ಬರೂ ಬ್ಯಾಟರಿ ಹಿಡಿದು ಹತ್ತಿದರು. ಇಳಿದು ಬಂದು ಶಂಕ್ರೆಪ್ಪ ನನ್ನೆದುರು ಅಂಗೈ ಚಾಚಿದ.

"ಯಾರೂ ಇಲ್ರಿ… ಇದ ಅಂಚಿನ್ಯಾಗ ಇತ್ರಿ. ನಿಮ್ಮದ ಅಲ್ಲೇನ್ರಿ?"

ನನ್ನ ಚಾಳೀಸ. ಓದುವ ಕನ್ನಡಕ. ಅದರ ಕಡ್ಡಿಗೆ ಕಪ್ಪು ದಾರ ಸುತ್ತಿದ್ದವನು ನಾನೇ. ಅವನು ಸತ್ತ ಮೇಲೆ ನಾನದನ್ನು ಹಾಕಿಕೊಂಡಿರಲಿಲ್ಲ. ಸಂಪಗಾಂವದ ಮನೆಯಲ್ಲಿ, ಟ್ರಂಕಿನ ತಳಕ್ಕೆ ಹಾಕಿ ಕೀಲಿ ಜಡಿದಿದ್ದೆ. ಗಾಜನ್ನು ಯಾರೋ ಒರೆಸಿ ಥಳಥಳ ಮಾಡಿದ್ದರು. ಮುಟ್ಟಿದೆ… ಬಿಸಿಯಾಗಿತ್ತು.

ಶಂಕ್ರೆಪ್ಪನ ಕಾಲರ್ ಹಿಡಿದೆ, ಬಾಯಿಗೆ ಬಂದದ್ದು ಬೈದೆ. ಅವನು ಮಕ್ಕಳ ಆಣೆ ಮಾಡಿದ. ರಜೆ ಹಾಕಿ ಊರಿಗೆ ಬಂದೆ. ಟ್ರಂಕಿನ ಕೀಲಿ ಹಾಕಿದಂತೆಯೇ ಇತ್ತು. ಒಳಗೆ ಚಾಳೀಸ ಇರಲಿಲ್ಲ.

ಹೇಗೆ ಬಂತು? ನನ್ನನ್ನು ಕೇಳಬೇಡಿ. ಕಣ್ಣಿನ ಡಾಕ್ಟರು ಹೊಸ ಕನ್ನಡಕ ಕೊಟ್ಟಿದ್ದಾರೆ, ಅದರಲ್ಲಿ ಒಂದಕ್ಷರವೂ ಕಾಣುವುದಿಲ್ಲ. ಇದನ್ನೆಲ್ಲ ಬರೆದದ್ದು ಆ ಹಳೆಯ ಚಾಳೀಸ ಹಾಕಿಕೊಂಡೇ.

ಓದಿದವರೆಲ್ಲ ಕೇಳಿ. ಅಂದು ನಾನು ಕೂಗಲಿಲ್ಲ. ಅವನು ಓಗೊಡಲಿಲ್ಲ. ತಪ್ಪು ಅವನದಲ್ಲ. ನಾಳೆ ಮೊದಲ ಬಸ್ಸಿಗೆ ಚಚಡಿಗೆ ಹೋಗಿ ಇದನ್ನು ಅವನ ಅಪ್ಪನೆದುರು ಓದುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆದರೆ ತಪ್ಪಾಯಿತು ಎಂದು ಹೇಳಬೇಕಾದವನಿಗೆ ಹೇಗೆ ಹೇಳಲಿ?

ನಮ್ಮ ಮನೆಯ ತಗಡಿನ ಮೇಲೆ ಈಗ ಬೂಟಿನ ಸದ್ದು ಬಂದು ನಿಂತಿದೆ. ಮನೆಯವರೆಲ್ಲ ಮಲಗಿದ್ದಾರೆ. ಎದ್ದರೆ ಏಳಲಿ. ಕೂಗುತ್ತೇನೆ.

ಅಡಿವೆಪ್ಪಾ… ಇಳಿಯಪಾ… ಅಡಿವೆಪ್ಪಾ…