ಡಾಕ್ಟರಿಗೆ ನಾನು ಎರೆಯದ ದೋಸೆ

ಆ ಡಾಕ್ಟರಿಗೆ ನಾನು ದೋಸೆ ಎರೆಯುವುದಿಲ್ಲ. ಹಟ ಎನ್ನುವವರು ಹಟ ಎನ್ನಲಿ. ನಡೆದದ್ದು ಏನು ಅಂತ ಬರೆದುಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಕೇಳಬೇಡಿ.

ಡೆಲ್ಲಿಯ ದ್ವಾರಕಾದ ಒಂದು ಸೆಕ್ಟರ್ ಮಾರ್ಕೆಟ್ಟಿನಲ್ಲಿ ನಮ್ಮ ಹೋಟೆಲ್. ಧಣಿ ಕುಂದಾಪುರದ ಕಡೆಯವರು. ನಾನೂ ಆ ಕಡೆಯವನೇ, ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಇವರ ಜೊತೆ ರೈಲು ಹತ್ತಿದವನು. ಮೊದಲು ಪ್ಲೇಟ್ ತೊಳೆದೆ. ಆಮೇಲೆ ಈರುಳ್ಳಿ ಹೆಚ್ಚಿದೆ. ಆಮೇಲೆ ಗ್ರೈಂಡರ್. ಐದು ವರ್ಷ ಆದ ಮೇಲೆ ಕಾವಲಿ ಸಿಕ್ಕಿತು.

ನಮ್ಮ ಹೋಟೆಲಿನಲ್ಲಿ ಕಾವಲಿ ಗಾಜಿನ ಹಿಂದೆ ಇದೆ, ರಸ್ತೆಯಿಂದಲೇ ಕಾಣುತ್ತದೆ. ಡೆಲ್ಲಿಯವರು ಮಕ್ಕಳನ್ನು ಎತ್ತಿ ಹಿಡಿದು ದೋಸೆ ಎರೆಯುವುದನ್ನು ತೋರಿಸುತ್ತಾರೆ. ಒಂದು ಸಲಕ್ಕೆ ಆರು ದೋಸೆ. ಆರೂ ಕಾವಲಿ ಮೇಲೆ ಇರುವಾಗ ಧಣಿಯೂ ನನ್ನ ಹತ್ತಿರ ಮಾತಾಡುವುದಿಲ್ಲ. ಸಪ್ಲೈಯರ್ ಆರ್ಡರ್ ಕೂಗುತ್ತಾನೆ, ಅಷ್ಟೇ. ಯಾವ ದೋಸೆ ಯಾವ ಟೇಬಲ್ಲಿಗೆ, ಯಾರದು ಮೊದಲು, ಯಾರದು ಆಮೇಲೆ, ಅದೆಲ್ಲ ಕಾವಲಿಯವನ ಕೈಯಲ್ಲಿ. ಅದೊಂದೇ ಅಧಿಕಾರ ನನಗೆ ಈ ಊರಿನಲ್ಲಿ ಇದ್ದದ್ದು.

ಮೆಟ್ರೋ ನಮ್ಮ ಕಡೆ ಬಂದು ಒಂದೆರಡು ವರ್ಷ ಆಗಿರಬೇಕು, ಆಗ ನನ್ನ ಮೈ ಕೆಟ್ಟಿತು. ಒಂದೇ ವರ್ಷಕ್ಕೆ ಹದಿನಾಲ್ಕು ಕಿಲೋ ಏರಿದೆ. ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿರುತ್ತಿತ್ತು. ಸ್ವರ ದಪ್ಪ ಆಯಿತು. ತಲೆ ಬಾಚಿದರೆ ಕೂದಲು ಕೈಗೆ ಬರುತ್ತಿತ್ತು. ಡೆಲ್ಲಿಯ ಜೂನ್ ತಿಂಗಳಲ್ಲಿ, ಕಾವಲಿಯ ಮುಂದೆ ನಿಂತು ನನಗೆ ಚಳಿ ಆಗುತ್ತಿತ್ತು. ಯಾರಿಗೆ ಹೇಳುವುದು? ಹೇಳಿದರೆ ನಗುತ್ತಾರೆ.

ತಿನ್ನುವುದರ ಬಗ್ಗೆ ಹೇಳಬೇಕು. ದಿನಾ ಎಂಟು ಗಂಟೆ ದೋಸೆಯ ಹೊಗೆ ಕುಡಿದವನಿಗೆ ದೋಸೆ ಬೇಡ. ತುಪ್ಪದ ವಾಸನೆ ಬಂದರೆ ಸಾಕು, ಹೊಟ್ಟೆ ತೊಳೆಸುತ್ತದೆ. ಮಧ್ಯಾಹ್ನ ಮೂರಕ್ಕೆ ಒಂದು ಮುಷ್ಟಿ ಅನ್ನ, ತಿಳಿಸಾರು. ರಾತ್ರಿ ಎರಡು ರೊಟ್ಟಿ. ಕಾವಲಿಯವರೆಲ್ಲ ಹಾಗೆಯೇ. ಬೇರೆ ಹೋಟೆಲಿನವರನ್ನೂ ಕೇಳಿ ನೋಡಿ.

"ಡಾಕ್ಟ್ರ ಹತ್ರ ಹೋಗು ಮಾರಾಯ" ಎಂದರು ಧಣಿ.

ಡಾಕ್ಟರ್ ಎಂದರೆ ನಮಗೆ ಒಬ್ಬರೇ. ಬೆಂಗಳೂರಿನ ಕಡೆಯವರು, ಸರ್ಕಾರಿ ಕೆಲಸದಿಂದ ರಿಟೈರ್ ಆಗಿ ಹತ್ತಿರದ ಒಂದು ಸೊಸೈಟಿಯ ಫ್ಲ್ಯಾಟಿನಲ್ಲಿ ಮನೆ ಮಾಡಿದ್ದರು. ಮಂಗಳವಾರ ಬೆಳಿಗ್ಗೆ ಮನೆಯ ಮುಂದಿನ ಕೋಣೆಯಲ್ಲಿ ಕನ್ನಡದವರನ್ನು ಪುಕ್ಕಟೆ ನೋಡುತ್ತಿದ್ದರು. ಹೊಟ್ಟೆನೋವು ಗಿಟ್ಟೆನೋವು ಹಿಂದಿಯಲ್ಲಿ ಹೇಳಲು ಬಾರದ ನಮ್ಮಂಥವರಿಗೆ ಅವರೇ ದೇವರು. ಭಾನುವಾರ ಹತ್ತಕ್ಕೆ ನಮ್ಮ ಹೋಟೆಲಿಗೆ ಬರುತ್ತಿದ್ದರು. ತುಪ್ಪದ ಮಸಾಲೆ, ಗರಿಗರಿ, ಒಳಗೆ ಕೆಂಪು ಚಟ್ನಿ ಜಾಸ್ತಿ. ಎರಡು ವರ್ಷ ಅದನ್ನು ನಾನೇ ಎರೆದು ಕೊಟ್ಟಿದ್ದೇನೆ.

ಆ ಮಂಗಳವಾರ ಕೋಣೆಯಲ್ಲಿ ಏಳೆಂಟು ಜನ ಕೂತಿದ್ದರು. ಹೆಂಗಸರೂ ಇದ್ದರು. ನಾನು ಬಾಯಿ ತೆಗೆಯುವ ಮೊದಲೇ ಅವರು ಮೂಲೆಯ ತೂಕದ ಮಷೀನ್ ತೋರಿಸಿದರು.

"ಮೊದ್ಲು ಅದರ ಮೇಲೆ ಹತ್ತು."

ಹತ್ತಿದೆ. ಅವರು ಬಗ್ಗಿ ನೋಡಿದರು. "ಎಂಬತ್ತೆರಡು! ಏನಪ್ಪಾ, ಗಿರಾಕಿಗಳಿಗೆ ಏನಾದ್ರೂ ಉಳಿಸ್ತೀಯೋ, ಎಲ್ಲಾ ನೀನೇ ಮುಕ್ತೀಯೋ?"

ಎಲ್ಲರೂ ನಕ್ಕರು.

"ಇಲ್ಲ ಸರ್, ನಾನು ತಿನ್ನೋದು ಕಮ್ಮಿ. ಚಳಿ ಆಗ್ತದೆ ಸರ್, ಈ ಬಿಸಿಲಲ್ಲೂ..."

"ಇಷ್ಟು ಕೊಬ್ಬಿರೋನಿಗೆ ಚಳೀನಾ? ಎಮ್ಮೆ ಕೇಳಿದ್ರೆ ನಗುತ್ತೆ ಕಣೋ."

ಮತ್ತೆ ನಕ್ಕರು. ಒಬ್ಬರು ಹೆಂಗಸು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ನಾನು ಇನ್ನೂ ಮಷೀನಿನ ಮೇಲೇ ನಿಂತಿದ್ದೆ.

"ನೋಡು, ಕಾವಲಿ ಮುಂದೆ ನಿಂತು ಧಣಿ ತುಪ್ಪ ಕದ್ದು ತಿಂದ್ರೆ ಹೀಗೇ ಆಗೋದು. ಔಷಧಿ ಏನೂ ಬೇಡ. ಬಾಯಿಗೆ ಬೀಗ ಹಾಕು, ಒಂದು ಹೊತ್ತು ಉಪವಾಸ ಮಾಡು. ಹೋಗು. ಮುಂದಿನವರು ಬನ್ನಿ."

ನಾಡಿ ಹಿಡಿಯಲಿಲ್ಲ. ನಾಲಿಗೆ ನೋಡಲಿಲ್ಲ. ನನ್ನ ಮೈಗೆ ಅವರ ಒಂದು ಬೆರಳೂ ತಾಗಲಿಲ್ಲ.

ಎಮ್ಮೆ ಅಂದದ್ದನ್ನು ನಾನು ನುಂಗುತ್ತಿದ್ದೆನೋ ಏನೋ. ಕದ್ದು ಅಂದದ್ದನ್ನು ನುಂಗಲು ಆಗಲಿಲ್ಲ. ಹೋಟೆಲ್ ಕೆಲಸದವನ ಮೇಲೆ ಆ ಮಾತು ಒಂದು ಸಲ ಕೂತರೆ ಲಕ್ಷ್ಮೀ ನಗರಕ್ಕೆ ಹೋದರೂ, ನೋಯ್ಡಾಕ್ಕೆ ಹೋದರೂ ಅವನಿಗಿಂತ ಮೊದಲು ಅದೇ ಹೋಗಿ ತಲುಪಿರುತ್ತದೆ. ನಮ್ಮ ಕಡೆಯವರ ಹೋಟೆಲುಗಳೆಲ್ಲ ಒಬ್ಬರಿಗೊಬ್ಬರು ನೆಂಟರವು.

ಮುಂದಿನ ಭಾನುವಾರ ಡಾಕ್ಟರ್ ನಾನು ಕೊಟ್ಟ ದೋಸೆ ತಿಂದು, ಕೈ ತೊಳೆದು, ಗಲ್ಲಾದ ಹತ್ತಿರ ನಿಂತು ಧಣಿಗೆ ಹೇಳಿದರು. ನನಗೆ ಕೇಳಲಿ ಅಂತಲೇ ಹೇಳಿದರು.

"ನಿಮ್ಮ ತುಪ್ಪದ ಡಬ್ಬ ಯಾಕೆ ಬೇಗ ಖಾಲಿಯಾಗುತ್ತೆ ಗೊತ್ತಾಯ್ತೇನ್ರೀ? ಅಲ್ಲಿ ನೋಡಿ, ಗಾಜಿನ ಹಿಂದೆ ನಿಂತಿದೆ."

ಧಣಿ ಹಲ್ಲು ಬಿಟ್ಟರು. ಪುಕ್ಕಟೆ ನೋಡುವ ಡಾಕ್ಟರ್, ನಗಲೇಬೇಕು. ಆದರೆ ಮಾರನೇ ದಿನ ತುಪ್ಪದ ಡಬ್ಬ ನನ್ನ ಪಕ್ಕದಿಂದ ಎದ್ದು ಧಣಿಯ ಕಾಲ ಹತ್ತಿರ ಹೋಗಿ ಕೂತಿತು. ಒಂದೊಂದು ಬಟ್ಟಲು ಕೇಳಿ ತರಬೇಕು. ವಾರ ಕಳೆಯುವುದರೊಳಗೆ ಧಣಿ ನನ್ನನ್ನು ಕರೆದರು.

"ಸ್ವಲ್ಪ ದಿನ ಒಳಗೆ ಗ್ರೈಂಡರ್ ನೋಡ್ಕೋ ಮಾರಾಯ. ಇಲ್ಲಿ ಗಡ್ವಾಲಿ ನಿಲ್ತಾನೆ." ಗಡ್ವಾಲಿ ಎಂದರೆ ನಮ್ಮಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಪಹಾಡದ ಹುಡುಗ.

"ಧಣಿ, ನಾನು ಕದ್ದಿದ್ದೇನಾ?"

"ನಾನು ಹಾಗೆ ಹೇಳಿದ್ನಾ? ಡಾಕ್ಟ್ರು ತಮಾಷೆಗೆ ಅಂದದ್ದು."

"ತಮಾಷೆಗಾದ್ರೆ ಕಾವಲಿ ಯಾಕೆ ಬಿಡಬೇಕು?"

ಧಣಿ ಫೋನ್ ಎತ್ತಿಕೊಂಡರು. ಫೋನ್ ಬಂದಿರಲಿಲ್ಲ.

ಗ್ರೈಂಡರ್ ಇದ್ದದ್ದು ಹಿಂದೆ, ಕಿಟಕಿ ಇಲ್ಲದ ಕೋಣೆಯಲ್ಲಿ. ಅಲ್ಲಿ ಕೂತು ನಾನು ಯೋಚಿಸಿದ್ದು ಒಂದೇ. ಅವರ ಕಾರಿನ ಗಾಳಿ ತೆಗೆಯಲಾ? ಸೊಸೈಟಿಯ ಗೇಟಿನ ಮುಂದೆ ನಿಂತು ಬೈಯಲಾ? ದೋಸೆಯಲ್ಲಿ ಉಗಿದು ಕೊಡಬಹುದಿತ್ತಲ್ಲ ಎಂದು ಕೆಲವರು ಆಮೇಲೆ ಕೇಳಿದ್ದಾರೆ. ದಿನಾ ಬೆಳಿಗ್ಗೆ ಕಾವಲಿಗೆ ಕೈ ಮುಗಿದು ಒಲೆ ಹಚ್ಚುವವನು ಅಂಥದ್ದು ಮಾಡುವುದಿಲ್ಲ. ಮಾಡುವವನು ಹೋಟೆಲಿನವನೇ ಅಲ್ಲ.

ನಮ್ಮಲ್ಲಿ ಒಬ್ಬರು ಹಳೇ ಸಪ್ಲೈಯರ್ ಇದ್ದಾರೆ, ಎಲ್ಲರೂ ಅಣ್ಣ ಎನ್ನುತ್ತೇವೆ. ಅವರು ಒಂದು ದಿನ ನನ್ನ ಮುಖ ನೋಡಿ, "ಹೋಯ್, ಇದು ತಿಂದು ಬಂದ ದಪ್ಪ ಅಲ್ಲ ಮಾರಾಯ, ಬಾತದ್ದು" ಎಂದರು. ಅವರೇ ಬೈದು ಸರ್ಕಾರಿ ಆಸ್ಪತ್ರೆಗೆ ಕಳಿಸಿದರು. ಬೆಳಿಗ್ಗೆ ಆರಕ್ಕೆ ಲೈನಿನಲ್ಲಿ ನಿಂತವನಿಗೆ ಹನ್ನೆರಡೂವರೆಗೆ ನಂಬರ್ ಬಂತು. ಒಳಗೆ ನನ್ನದೇ ವಯಸ್ಸಿನ ಒಬ್ಬಳು ಡಾಕ್ಟರ್. ಎದುರಿನ ಸ್ಟೂಲ್ ತೋರಿಸಿ, "ಬೈಠೋ ಭಯ್ಯಾ" ಎಂದಳು. ಕೂತೆ. ನಾನು ಹೇಳುವ ಮೊದಲೇ, ಚಳಿ ಆಗುತ್ತದಾ ಎಂದು ಅವಳೇ ಕೇಳಿದಳು. ನನ್ನ ಕುತ್ತಿಗೆ ಮುಟ್ಟಿ, ಎಂಜಲು ನುಂಗಲು ಹೇಳಿದಳು. ರಕ್ತ ಕೊಡಲು ಚೀಟಿ ಬರೆದಳು.

ಮುಂದಿನ ವಾರ ರಿಪೋರ್ಟ್ ಬಂತು. ಥೈರಾಯ್ಡ್. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ.

"ತಿಂದು ಆದದ್ದಾ ಇದು?" ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಅರೇ ನಹೀ ಭಯ್ಯಾ, ಇದು ಕಾಯಿಲೆ" ಎಂದಳು.

"ಅದನ್ನು ಬರೆದು ಕೊಡಿ ಮೇಡಂ."

ಅವಳು ನಕ್ಕಳು, ರಿಪೋರ್ಟಿನಲ್ಲಿ ಎಲ್ಲಾ ಇದೆ ಎಂದಳು. ನಾನು ಅದನ್ನು ಚಟ್ನಿ ಪಾರ್ಸೆಲ್ ಮಾಡುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಧಣಿಗೆ ತೋರಿಸಲಿಲ್ಲ. ತೋರಿಸಿದ್ದರೆ, "ಆಯ್ತು ಬಿಡು ಮಾರಾಯ" ಎನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಹಾಗೆ ಮುಗಿಯುವುದು ಬೇಡವಾಗಿತ್ತು. ಯಾವ ಬಾಯಿ ಕಳ್ಳ ಎಂದಿತೋ ಅದೇ ಬಾಯಿ ಅಲ್ಲ ಎನ್ನಬೇಕು. ಅದೂ ಜನರ ಎದುರು.

ಮೂರು ತಿಂಗಳು ಕಾದೆ. ಮುಖದ ಊತ ಇಳಿಯಿತು. ಚಳಿ ಹೋಯಿತು. ತೂಕವೂ ನಿಧಾನಕ್ಕೆ ಇಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಅಷ್ಟರಲ್ಲಿ ಡಾಕ್ಟರಿಗೆ ಕಷ್ಟ ಶುರುವಾಗಿತ್ತು. ಗಡ್ವಾಲಿ ಒಳ್ಳೆಯವನು, ಆದರೆ ಅವನ ದೋಸೆ ದಪ್ಪ. ನಡುವೆ ಹಸಿ, ಅಂಚು ಕಪ್ಪು. "ಏನ್ರೀ ಇದು, ಕಂಬಳಿ ಥರ ಇದೆ" ಎಂದು ಭಾನುವಾರ ಭಾನುವಾರ ಅವರು ಧಣಿಯ ಹತ್ತಿರ ಹೇಳುವುದು ನನಗೆ ಒಳಗೆ ಕೇಳುತ್ತಿತ್ತು. ಒಂದು ಸಲ, "ಆ ದಡಿಯ ಎಲ್ಲಿ ಹೋದ?" ಅಂತಲೂ ಕೇಳಿದರು. ನಾನು ಗ್ರೈಂಡರ್ ನಿಲ್ಲಿಸಿ ಕೇಳಿಸಿಕೊಂಡೆ. ಬಹಳ ದಿನಗಳ ಮೇಲೆ ಅವತ್ತು ನನಗೆ ಹಸಿವಾಯಿತು.

ಆಮೇಲೆ ಒಂದು ಭಾನುವಾರ ಅವರು ಕನ್ನಡದ ಎಂಟು ಜನರನ್ನು ಕರೆದುಕೊಂಡು ಬಂದರು. ಅವರಲ್ಲಿ ಮೂವರು ಆ ಮಂಗಳವಾರ ಕೋಣೆಯಲ್ಲಿ ಕೂತು ನಕ್ಕವರೇ. ಊರಿನಲ್ಲಿ ಸಿಗುವಂಥ ದೋಸೆ ತಿನ್ನಿಸುತ್ತೇನೆ ಅಂತ ಡಾಕ್ಟರ್ ಕೊಚ್ಚಿಕೊಂಡಿದ್ದರಂತೆ. ಧಣಿ ಓಡಿ ಒಳಗೆ ಬಂದರು.

"ಇವತ್ತೊಂದು ದಿನ ಕಾವಲಿಗೆ ನಿಲ್ಲು ಮಾರಾಯ. ಮರ್ಯಾದೆ ಪ್ರಶ್ನೆ."

"ಆಯ್ತು ಧಣಿ" ಎಂದೆ.

ಕೈ ತೊಳೆದು ಹೋಗಿ ನಿಂತೆ. ನೀರು ಚಿಮುಕಿಸಿ ಹಿಡಿಸೂಡಿಯಿಂದ ಕಾವಲಿ ಗುಡಿಸಿದೆ. ಚುಂಯ್ ಎಂದಿತು. ಅಣ್ಣ ಕೂಗಿದರು, "ಡಾಕ್ಟ್ರ ಟೇಬಲ್, ಒಂಬತ್ತು ತುಪ್ಪದ ಮಸಾಲೆ!"

ಮನಸ್ಸಿಟ್ಟು ಎರೆದೆ. ಅಂಥ ದೋಸೆ ನಾನು ಅದಕ್ಕೆ ಮೊದಲು ಎಂದೂ ಎರೆದಿರಲಿಲ್ಲ. ಜೇನಿನ ಬಣ್ಣ, ಅಂಚು ಕಾಗದದ ಹಾಗೆ. ಮೊದಲ ಆರು ಹೋದವು. ಡಾಕ್ಟರ್ ತಾವೇ, "ಮೊದ್ಲು ನೀವು ತಗೊಳ್ಳಿ, ನೀವು ತಗೊಳ್ಳಿ" ಎಂದು ಎಲ್ಲರ ಮುಂದೆ ಪ್ಲೇಟ್ ತಳ್ಳಿದರು. ನಮ್ಮಲ್ಲಿ ಕರೆದವನು ಕಡೆಗೆ ತಿನ್ನಬೇಕಲ್ಲ. ಇನ್ನೆರಡು ಹೋದವು. ಒಂಬತ್ತನೆಯದು ನಾನು ಎರೆಯಲಿಲ್ಲ. ಬೇರೆ ಟೇಬಲ್ಲಿನ ನಾಲ್ಕು ಎರೆದೆ.

"ಹೋಯ್, ಡಾಕ್ಟ್ರದ್ದು?" ಎಂದರು ಅಣ್ಣ.

"ಬರ್ತದೆ."

ಅತಿಥಿಗಳಿಗೆ ರುಚಿ ಹತ್ತಿತು. ಇನ್ನೊಂದು ಬೇಕು ಎಂದರು. ಇನ್ನೊಂದು ಕೊಟ್ಟೆ. ಡಾಕ್ಟರ್ ನೀರು ಕುಡಿದರು. ಸಾಂಬಾರನ್ನು ಚಮಚದಲ್ಲಿ ಕುಡಿದರು. ಕರೆದುಕೊಂಡು ಬಂದವರ ಎದುರು ನನ್ನದೆಲ್ಲಿ ಎಂದು ಕೂಗಲು ಆಗುವುದಿಲ್ಲ. ಅಣ್ಣನಿಗೆ ಗೊತ್ತಾಯಿತು. ಗಾಜಿಗೆ ಮುಖ ತಂದು, "ಪಾಪಿ" ಎಂದು ಮೆತ್ತಗೆ ಹೇಳಿ ನಗುತ್ತಾ ಹೋದರು.

ಮುಕ್ಕಾಲು ಗಂಟೆ ಆದ ಮೇಲೆ ಡಾಕ್ಟರೇ ಎದ್ದು ಗಾಜಿನ ಹತ್ತಿರ ಬಂದರು.

"ಏನಪ್ಪಾ, ನನಗೊಂದು ಹಾಕೋದಿಲ್ವೇನೋ?"

"ಒಂದು ಹೊತ್ತು ಬಿಟ್ರೆ ಎಂತ ಆಗ್ತದೆ ಸರ್? ಔಷಧಿ ಏನೂ ಬೇಡ, ಬಾಯಿಗೆ ಬೀಗ ಹಾಕಿ."

ಅವರ ಕಿವಿ ಕೆಂಪಾಯಿತು. ನಾನು ಕನ್ನಡದಲ್ಲಿ, ಗಟ್ಟಿಯಾಗಿ ಹೇಳಿದ್ದೆ. ಉಳಿದ ಗಿರಾಕಿಗಳಿಗೆ ಅರ್ಥವಾಗದು, ಆಗಬೇಕಾದವರಿಗೆ ಆಯಿತು. ಕಿಸೆಯಿಂದ ರಿಪೋರ್ಟ್ ತೆಗೆದು ಗಾಜಿನ ಮೇಲಿಂದ ಕೊಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಓದಿದರು. ತಾರೀಖು ನೋಡಿದರು. ಮತ್ತೊಮ್ಮೆ ಓದಿದರು.

"ಥೈರಾಯ್ಡ್ ಇತ್ತಾ ನಿನಗೆ? ಹೇಳ್ಬೇಕಿತ್ತಲ್ಲೋ."

"ಹೇಳ್ಲಿಕ್ಕೇ ಬಂದದ್ದು ಸರ್ ನಾನು. ಚಳಿ ಅಂದೆ. ನೀವು ಎಮ್ಮೆ ನಗ್ತದೆ ಅಂದ್ರಿ."

ಧಣಿ ಗಲ್ಲಾದಿಂದ ಇಳಿದು ಬಂದರು. "ಎಂತ ಮಾರಾಯ ಇದು, ದೊಡ್ಡವರ ಹತ್ರ..."

"ಧಣಿ, ನೀವು ಸುಮ್ನಿರಿ. ಸರ್, ನಾನು ತುಪ್ಪ ಕದ್ದು ತಿಂದು ದಪ್ಪ ಆದದ್ದಾ? ಇವರಿಗೆ ಹೇಳಿ."

"ಅಲ್ಲಪ್ಪಾ. ಕಾಯಿಲೆ ಅದು" ಎಂದು ಗೊಣಗಿದರು.

"ಆ ಟೇಬಲ್ಲಿಗೂ ಕೇಳ್ಲಿ ಸರ್. ಅವತ್ತು ನಕ್ಕವರು ಅಲ್ಲೇ ಕೂತಿದ್ದಾರೆ."

ಅವರು ತಿರುಗಿದರು. ಅರವತ್ತು ದಾಟಿದ ಮನುಷ್ಯ, ಕೈಯಲ್ಲಿ ನನ್ನ ರಿಪೋರ್ಟ್. "ಇವನು ಕದ್ದಿರಲಿಲ್ಲ. ನಾನು ಸರಿಯಾಗಿ ನೋಡಲಿಲ್ಲ" ಎಂದರು. ಸೆರಗು ಹಿಡಿದು ನಕ್ಕಿದ್ದ ಹೆಂಗಸು ಪ್ಲೇಟ್ ನೋಡುತ್ತಿದ್ದರು. ನನಗೆ ಒಂದು ಚೂರೂ ಪಾಪ ಎನ್ನಿಸಲಿಲ್ಲ.

"ಸಾಕಲ್ಲ, ಈಗ ಡಾಕ್ಟ್ರಿಗೆ ಒಂದು ದೋಸೆ ಎರಿ" ಎಂದರು ಧಣಿ.

"ನಾಳೆಯಿಂದ ಕಾವಲಿ ಯಾರದು ಧಣಿ?"

"ನಿಂದೇ ಮಾರಾಯ, ನಿಂದೇ!"

"ತುಪ್ಪದ ಡಬ್ಬ?"

ಧಣಿ ತಾವೇ ಹೋಗಿ ಹೊತ್ತು ತಂದು ನನ್ನ ಪಕ್ಕದಲ್ಲಿ ಇಟ್ಟರು. ನಾನು ಗಡ್ವಾಲಿಯನ್ನು ಕರೆದು ಹಿಟ್ಟಿನ ಬಟ್ಟಲು ಅವನ ಕೈಗೆ ಕೊಟ್ಟೆ. "ಡಾಕ್ಟರ್ ಸಾಬ್‌ದು ನೀನು ಹಾಕು" ಎಂದೆ. ಅವನು ಹಾಕಿದ. ದಪ್ಪ, ನಡುವೆ ಹಸಿ. ಡಾಕ್ಟರ್ ಕಂಬಳಿ ಎನ್ನದೆ ಪೂರ್ತಿ ತಿಂದರು.

ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಈಗಲೂ ಬರುತ್ತಾರೆ. ಗಡ್ವಾಲಿ ಹಾಕಿದ್ದನ್ನು ತಿನ್ನುತ್ತಾರೆ, ದೂರು ಹೇಳುವುದಿಲ್ಲ. ಕ್ಷಮಿಸಿಬಿಡು ಎಂದು ಧಣಿ ಎಷ್ಟೋ ಸಲ ಹೇಳಿದ್ದಾರೆ. ಊರಿಗೆಲ್ಲ ಎರೆಯುತ್ತೇನೆ, ಅವರಿಗೊಬ್ಬರಿಗೆ ಇಲ್ಲ ಎಂದಿದ್ದೇನೆ. ಹೋದ ಚಳಿಗಾಲದಲ್ಲಿ ಒಂದು ಸಲ ಅವರು ಗಾಜಿನ ಹತ್ತಿರ ನಿಂತು, "ಮಾತ್ರೆ ತಪ್ಪಿಸ್ತಿಲ್ಲ ತಾನೇ?" ಎಂದು ಕೇಳಿದರು. ಮೆತ್ತಗೆ ಕೇಳಿದರು.

"ಇಲ್ಲ ಸರ್" ಎಂದೆ. ಕಾವಲಿ ಗುಡಿಸಿ ಆರು ದೋಸೆ ಎರೆದೆ. ಆರೂ ಬೇರೆಯವರದು.